ನೀರಿಗೆ ಬೆರೆಯದ ಎಣ್ಣೆ

ಏಳನೆಯ ಕಂತು

ಜೀಪಿನ ಅಡಿಯಿಂದ ಒಂದು ಕೈ ಮಾತ್ರ ಹೊರಬಂತು. ಮೊಣಕೈವರೆಗೆ ಗ್ರೀಸು, ಮಣಿಕಟ್ಟಿನಲ್ಲಿ ಗಂಡಸರ ದೊಡ್ಡ ಗಡಿಯಾರ.

“ಅರ್ಧ ಇಂಚಿನ ಸ್ಪ್ಯಾನರ್ ಕೊಡ್ರಿ ಸಾಹೇಬ್ರೆ.”

ಹೊಳಲ್ಕೆರೆ ಠಾಣೆಯ ಸಬ್ ಇನ್‌ಸ್ಪೆಕ್ಟರ್ ತಿಮ್ಮರಾಯಪ್ಪ ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಗ್ಗಿ ಸ್ಪ್ಯಾನರ್ ಕೊಟ್ಟ. ಅರ್ಧ ಗಂಟೆಯಿಂದ ಅವನಿಗೆ ಇದೇ ಕೆಲಸ. ಠಾಣೆಯ ಜಗುಲಿಯ ಮೇಲೆ ನಿಂತಿದ್ದ ಇಬ್ಬರು ಪೇದೆಗಳು ನಗು ತಡೆಯಲು ಗೋಡೆಯ ಕಡೆ ಮುಖ ಮಾಡಿದ್ದರು.

ಗೋಣಿತಾಟು ಹಾಸಿಕೊಂಡು ಜೀಪಿನಡಿ ಮಲಗಿದ್ದವಳು ಏಕಾಂತಮ್ಮ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಚಿತ್ರದುರ್ಗದಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದಾಳೆ. ಸವೆದ ಬೇರಿಂಗೋ ಮುರಿದ ಹಲ್ಲೋ ಕೈಗೆ ಬಂದರೆ ಸಾಕು, ಅದು ಯಾವ ರಸ್ತೆಯಲ್ಲಿ, ಯಾರ ಕೈಯಲ್ಲಿ ಹಾಳಾಯಿತೆಂದು ಹೇಳಿಬಿಡುತ್ತಾಳೆ. ಹಾಗಾಗಿಯೇ ವಾಹನದ ಪ್ರಕರಣ ಗಂಟು ಬಿದ್ದಾಗ ಸುತ್ತಲಿನ ನಾಲ್ಕು ತಾಲ್ಲೂಕಿನ ಪೊಲೀಸರು ಅವಳ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.

ಈ ಜೀಪು ಮಂಗಳವಾರ ಬೆಳಿಗ್ಗೆ ಹೊರಕೆರೆದೇವಪುರದ ಆಚೆಯ ಇಳಿಜಾರಿನಲ್ಲಿ ಉರುಳಿ, ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿ ದೊಡ್ಡತಿಮ್ಮಪ್ಪನ ಜೀವ ತೆಗೆದಿತ್ತು. ಅದನ್ನು ಓಡಿಸುತ್ತಿದ್ದ ಚಿತ್ರಲಿಂಗಪ್ಪ ಈಗ ಲಾಕಪ್ಪಿನಲ್ಲಿದ್ದ.

“ಇನ್ನೆಷ್ಟೊತ್ತು ಏಕಾಂತಮ್ನೋರೆ? ಸಂಜೆ ಐದಕ್ಕೆ ಅವನ್ನ ಮತ್ತೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ಬೇಕು. ಕೊಲೆ ಅಂತ್ಲೇ ವರದಿ ಬರ್ದಿದೀನಿ.”

“ಯಾವ ಆಧಾರದ ಮೇಲೆ ಬರ್ದಿರಿ?”

“ಹೋದ ವಾರ ಸಾಹುಕಾರನ ಎದುರಿಗೇ ನಿಂತು, ಈ ಗಾಡಿ ನಿಮ್ಮನ್ನ ಕೊಲ್ತೈತೆ ಅಂದವ್ನೆ. ಗೋಡೌನಿನಾಗೆ ಆರು ಜನ ಕೇಳವ್ರೆ. ಮೇಲಾಗಿ ಸಾಹುಕಾರ ಜಜ್ಜಿಹೋದ, ಇವನಿಗೆ ಎರಡು ತರಚು ಗಾಯ. ಹಾರಿಕೊಂಡವ್ನೆ.”

ಏಕಾಂತಮ್ಮ ಜೀಪಿನಡಿಯಿಂದ ಸರಿದು ಎದ್ದು ಕುಳಿತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಅವಳ ಕೈಯಲ್ಲಿ ಒಂದು ಮೊಳ ಉದ್ದದ ಉಕ್ಕಿನ ತಂತಿಯಿತ್ತು. ಅದರ ಒಂದು ತುದಿ ಪೊರಕೆಯಂತೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು.

“ಇದು ಹ್ಯಾಂಡ್‌ಬ್ರೇಕಿನ ತಂತಿ. ಕಾಲಿನ ಬ್ರೇಕು ಎಣ್ಣೆ ಒತ್ತಡದಾಗೆ ಹಿಡೀತೈತೆ. ಇದಕ್ಕೆ ಎಣ್ಣೆ ಇಲ್ಲ. ಕೈಲಿ ಎಳೆದ್ರೆ ನಡುವಿನ ಶಾಫ್ಟನ್ನ ಹಿಡೀತೈತೆ. ನೋಡ್ರಿ, ಹಿಡಿ ಕೊನೇ ಹಲ್ಲಿಗೆ ಬಂದು ನಿಂತೈತೆ. ಒಳಗಿನ ಪಟ್ಟಿ ಸುಟ್ಟು ಕರಕಲಾಗೈತೆ.”

“ಜೀಪು ಉರುಳಿದಾಗ ಹರಿದಿರಬೋದು.”

“ಉರುಳಿದ್ರೆ ತಂತಿ ಹರೀತೈತೆ, ಪಟ್ಟಿ ಯಾಕೆ ಸುಡ್ತೈತೆ? ಓಡೋ ಗಾಡೀನ ಬಹಳ ದೂರ ಎಳೆದು ಹಿಡಿದೋರಿಗೆ ಮಾತ್ರ ಹಿಂಗೆ ಸುಡೋದು. ಹಾರಿಕೊಳ್ಳೋನು ತಂತಿ ಹರಿಯೋಗಂಟ ಕುಂತು ಎಳೀತಾನಾ?” ಏಕಾಂತಮ್ಮ ಎದ್ದು ನಿಂತಳು. “ಅವನ ಕೈ ನೋಡಾಣ ಬರ್ರಿ.”

ಲಾಕಪ್ಪಿನ ಮೂಲೆಯಲ್ಲಿ ಚಿತ್ರಲಿಂಗಪ್ಪ ಮೊಣಕಾಲು ತಬ್ಬಿಕೊಂಡು ಕುಳಿತಿದ್ದ. ಮೂವತ್ತರ ಸುಮಾರಿನ ಗಟ್ಟಿ ಆಳು, ಆದಿವಾಲದವನು. ಸರಳುಗಳ ಈಚೆ ಅವನ ಹೆಂಡತಿ ಉಚ್ಚಂಗಮ್ಮ ಊಟದ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮೂರು ದಿನದಿಂದ ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುತ್ತಿದ್ದಳು. ಗಂಟು ಬಿಚ್ಚಿದ್ದೇ ಇಲ್ಲ.

“ಎಡಗೈ ತೋರ್ಸಪ್ಪ,” ಎಂದಳು ಏಕಾಂತಮ್ಮ.

ಅವನು ಮುಷ್ಟಿ ಬಿಚ್ಚಿದ. ಅಂಗೈಗೆ ಅಡ್ಡಲಾಗಿ ಚರ್ಮ ಕಿತ್ತು ಬಂದಿತ್ತು. ಹ್ಯಾಂಡ್‌ಬ್ರೇಕಿನ ಹಿಡಿಯ ಗೀರುಗಳು ಒಂದರ ಪಕ್ಕ ಒಂದು ಎದ್ದು ಕಾಣುತ್ತಿದ್ದವು.

ತಿಮ್ಮರಾಯಪ್ಪ ಬಹಳ ಹೊತ್ತು ನೋಡಿದ. “ಇದನ್ನ ಯಾಕೋ ತೋರಿಸ್ಲಿಲ್ಲ?”

“ಯಾರೂ ಕೇಳ್ಲಿಲ್ಲ ಸ್ವಾಮಿ.”

“ಏನಾತು ಅಂತ ಹೇಳು,” ಎಂದಳು ಏಕಾಂತಮ್ಮ. “ಗಾಡಿ ಏನೇನು ಮಾಡ್ತು, ಅಷ್ಟು ಮಾತ್ರ ಹೇಳು.”

ಚಿತ್ರಲಿಂಗಪ್ಪನಿಗೆ ಆ ಪ್ರಶ್ನೆ ಅರ್ಥವಾಯಿತು. ಮೊದಲ ಬಾರಿಗೆ ಅವನು ನೆಟ್ಟಗೆ ಕುಳಿತ.

“ಹಿರಿಯೂರು ಬಿಟ್ಟು ಐದಾರು ಮೈಲಿಗೇ ಗಾಡಿ ಎಳೀಲಿಲ್ಲ ಅಮ್ಮಾರೆ. ಯಾರೋ ಹಿಂದಿನಿಂದ ಹಿಡ್ಕಂಡಂಗೆ. ಇಳಿದು ನೋಡಿದ್ರೆ ಚಕ್ರ ಕೈ ಸುಡ್ತಿದ್ವು. ಸಾವ್ಕಾರ್ರಿಗೆ ಹೇಳ್ದೆ. ಶನಿವಾರ ತಾನೆ ಬ್ರೇಕ್ ರಿಪೇರಿ ಆಗೈತೆ, ಹೊಸಾದಕ್ಕೆ ಹಂಗೇ ಇರ್ತೈತೆ, ನಡಿ ಅಂದ್ರು. ಇಳಿಜಾರಿನಾಗೆ ಪೆಡಲ್ ತುಳಿದ್ರೆ ತಳಕ್ಕೇ ಹೋತು. ಎರಡನೇ ಗೇರಿಗೆ ಹಾಕ್ದೆ, ಹಾರಿ ಬಂತು. ಮತ್ತೆ ಹಾಕ್ದೆ, ಮತ್ತೆ ಹಾರಿ ಬಂತು. ಆ ಗೇರು ಮೊದ್ಲಿಂದ್ಲೂ ನಿಲ್ಲಲ್ಲ. ಆಮೇಲೆ ಹ್ಯಾಂಡ್‌ಬ್ರೇಕ್ ಹಿಡಿದೆ, ಅದೂ ಹರೀತು. ಎಡಕ್ಕೆ ಹಳ್ಳ ಇತ್ತು, ಬಲಕ್ಕೆ ಗುಡ್ಡ. ಗುಡ್ಡಕ್ಕೆ ಒರೆಸಿ ನಿಲ್ಲಿಸಾಣ ಅಂತ ತಿರುಗಿಸ್ದೆ. ನನ್ನನ್ನ ಕಿತ್ತು ಬಿಸಾಕ್ತು. ಗಾಡಿ ಎಡಕ್ಕೆ ಮಗುಚ್ತು, ಸಾವ್ಕಾರ್ರು ಕುಂತಿದ್ದ ಕಡೆಗೆ.”

ಅವನು ಗಾಯದ ಅಂಗೈಯನ್ನು ಮತ್ತೆ ಮುಚ್ಚಿಕೊಂಡ.

ಏಕಾಂತಮ್ಮ ಸಬ್ ಇನ್‌ಸ್ಪೆಕ್ಟರನ ಕಡೆ ತಿರುಗಿದಳು. “ಕೇಳಿದ್ರಾ? ಡ್ರೈವರ್ ಕೂರೋದು ಬಲಕ್ಕೆ. ಗುಡ್ಡ ಇದ್ದಿದ್ದೂ ಬಲಕ್ಕೆ. ಬಂಡೆಯನ್ನ ತನ್ನ ಮಗ್ಗುಲಿಗೇ ತಂದ್ಕಂಡವ್ನೆ. ಇನ್ನೊಬ್ಬರನ್ನ ಕೊಲ್ಲೋ ಲೆಕ್ಕ ಇದ್ದೋನು ಆ ಕಡೆ ತಿರುಗಿಸ್ತಾನಾ?”

ತಿಮ್ಮರಾಯಪ್ಪ ಲಾಕಪ್ಪಿನಿಂದ ಹೊರಬರುವಾಗ ಪೇದೆಯೊಬ್ಬನನ್ನು ಕರೆದು, “ಅವನ ಕೈಗೆ ಔಷಧಿ ಹಾಕ್ಸು,” ಎಂದ.

ಉಚ್ಚಂಗಮ್ಮ ಊಟದ ಗಂಟು ಬಿಚ್ಚತೊಡಗಿದಳು.

ಏಕಾಂತಮ್ಮ ಮತ್ತೆ ಜೀಪಿನ ಬಳಿಗೆ ಬಂದಳು. ಈ ಸಲ ಅಡಿಗೆ ಹೋಗಲಿಲ್ಲ. ಡ್ರೈವರ್ ಕಾಲಿಡುವ ಜಾಗದ ರಬ್ಬರ್ ಹಾಸನ್ನು ಮಗುಚಿದಳು. ಅದರಡಿ ಅಂಗೈಯಗಲದ ಒಂದು ತಗಡು, ನಾಲ್ಕು ತಿರುಪು. ಮೂರು ತಿರುಪು ನೆಟ್ಟಗಿದ್ದವು. ನಾಲ್ಕನೆಯದರ ತಲೆ ಕೆತ್ತಿ ಹೋಗಿತ್ತು.

“ಹಳೇ ಜೀಪಿನಾಗೆ ಬ್ರೇಕ್ ಎಣ್ಣೆ ಹಾಕೋದು ಇಲ್ಲಿಂದ. ಈ ತಿರುಪು ಬಿಚ್ಚಿದೋನು ಮೆಕ್ಯಾನಿಕ್ ಅಲ್ಲ ಸಾಹೇಬ್ರೆ. ಕೈಗೆ ಸಿಕ್ಕ ಚಾಕುವಿನಾಗೆ ಬಿಚ್ಚವ್ನೆ.”

ತಗಡಿನ ಕೆಳಗಿದ್ದ ಮಾಸ್ಟರ್ ಸಿಲಿಂಡರನ್ನು ಬಿಚ್ಚಿ ತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಪೆಡಲ್ ತುಳಿದಾಗ ಎಣ್ಣೆಯನ್ನು ನಾಲ್ಕು ಚಕ್ರಗಳಿಗೂ ತಳ್ಳುವುದು ಅದೇ. ಒಳಗಿನ ರಬ್ಬರ್ ಬಟ್ಟಲನ್ನು ಹೊರಗೆಳೆದು ಅವಳು ಅಂಗೈ ಮೇಲಿಟ್ಟಳು. ತನ್ನ ಚೀಲದಿಂದ ಹೊಸ ಬಟ್ಟಲೊಂದನ್ನು ತೆಗೆದು ಅದರ ಪಕ್ಕ ಇಟ್ಟಳು.

ಜೀಪಿನದು ಒಂದೂವರೆ ಪಟ್ಟು ಊದಿತ್ತು. ಬೆರಳಲ್ಲಿ ಒತ್ತಿದರೆ ನೆನೆಸಿದ ಅಕ್ಕಿ ಹಿಟ್ಟಿನಂತೆ ಕುಸಿಯುತ್ತಿತ್ತು.

“ಎರಡೂ ನಮ್ಮ ಅಂಗಡೀವೇ. ಹೋದ ವಾರ ಹಿರಿಯೂರಿನ ಕಾಟಲಿಂಗಪ್ಪ ಬಂದು ತಗಂಡು ಹೋದ. ಹಾಕಿ ಮೂರು ದಿನಕ್ಕೇ ಹಿಂಗಾಗೈತೆ. ರಬ್ಬರ್ ಊದಿದ್ರೆ ಎಣ್ಣೆ ಹಿಂದಕ್ಕೆ ಬರೋಕೆ ದಾರಿ ಮುಚ್ತೈತೆ. ಬ್ರೇಕು ಹಿಡ್ಕಂಡೇ ಇರ್ತೈತೆ, ಚಕ್ರ ಕಾಯ್ತವೆ. ಆಮೇಲೆ ಬಟ್ಟಲಿನ ಅಂಚು ಹರಿದ್ರೆ ಪೆಡಲ್ ತಳಕ್ಕೆ ಹೋಗ್ತೈತೆ. ಇವನು ಹೇಳಿದ್ದೂ ಇದೇ ಅಲ್ಲವ್ರ?”

“ಊದಿದ್ದು ಯಾಕೆ?”

ಅವಳು ಸಿಲಿಂಡರಿನಲ್ಲಿ ಉಳಿದಿದ್ದ ಎಣ್ಣೆಯನ್ನು ಒಂದು ಸಣ್ಣ ಶೀಶೆಗೆ ಬಸಿದು, ಬೆರಳಿಗೆ ಹಚ್ಚಿ ಮೂಸಿ ನೋಡಿದಳು.

“ಕಾಟಲಿಂಗಪ್ಪನ ಗ್ಯಾರೇಜಿಗೆ ಹೋಗಾಣ,” ಎಂದಷ್ಟೇ ಹೇಳಿದಳು.

ಹೊರಡುವ ಮುಂಚೆ ತಿಮ್ಮರಾಯಪ್ಪ ಬೀರುವಿನಿಂದ ಒಂದು ಹಾಳೆ ತಂದುಕೊಟ್ಟ. ಸತ್ತವನ ಜೇಬಿನಲ್ಲಿ ಸಿಕ್ಕಿದ್ದ ರಿಪೇರಿ ಬಿಲ್ಲು. ರಕ್ತ ಒಣಗಿ ಅಂಚುಗಳು ಕಂದುಬಣ್ಣಕ್ಕೆ ತಿರುಗಿದ್ದವು. ಏಕಾಂತಮ್ಮ ದಾರಿಯುದ್ದಕ್ಕೂ ಅದನ್ನೇ ಓದಿದಳು.

ಕಾಟಲಿಂಗಪ್ಪನ ಗ್ಯಾರೇಜು ಹಿರಿಯೂರಿನ ಹೆದ್ದಾರಿಯ ಪಕ್ಕ, ಎರಡು ಹುಣಸೆಮರಗಳ ನಡುವೆ ಹಾಕಿದ ತಗಡಿನ ಚಪ್ಪರ. ಪೂನಾ ಕಡೆಯ ಲಾರಿಗಳು ಹಾದುಹೋದಾಗಲೆಲ್ಲ ತಗಡು ನಡುಗುತ್ತಿತ್ತು. ಐವತ್ತು ದಾಟಿದ ಕಾಟಲಿಂಗಪ್ಪ ಪೊಲೀಸ್ ಜೀಪು ನೋಡಿ ಕೆಲಸ ನಿಲ್ಲಿಸಲಿಲ್ಲ. ಏಕಾಂತಮ್ಮ ಇಳಿದಾಗ ಮಾತ್ರ ಎದ್ದುನಿಂತ.

“ಬರ್ರಿ ಅಕ್ಕಾರೆ, ಕುಂತ್ಕಳ್ರಿ.”

“ಕೂರೋಕೆ ಬಂದಿಲ್ಲ. ದೊಡ್ಡತಿಮ್ಮಪ್ಪನ ಜೀಪಿಗೆ ಯಾವ ಎಣ್ಣೆ ಹಾಕ್ದೆ?”

ಅವನ ಮುಖ ಕೆಂಪಾಯಿತು. “ನನ್ನ ಮೇಲೆ ಅನುಮಾನ ಐತಾ?”

“ಎಣ್ಣೆ ಮೇಲೆ ಅನುಮಾನ ಐತೆ.”

ಅವನು ಒಳಗೆ ಹೋಗಿ ಅರ್ಧ ಖಾಲಿಯಾದ ಬ್ರೇಕ್ ಎಣ್ಣೆಯ ಡಬ್ಬಿ ತಂದು ಬೆಂಚಿನ ಮೇಲೆ ಕುಕ್ಕಿದ. ಪಕ್ಕದ ಟೀ ಅಂಗಡಿಯಿಂದ ಏಕಾಂತಮ್ಮ ಎರಡು ಗಾಜಿನ ಲೋಟ ತರಿಸಿದಳು. ಎರಡಕ್ಕೂ ನೀರು ತುಂಬಿದಳು. ಡಬ್ಬಿಯಿಂದ ನಾಲ್ಕು ಹನಿಗಳನ್ನು ಮೊದಲ ಲೋಟಕ್ಕೆ ಬಿಟ್ಟು ಕಡ್ಡಿಯಿಂದ ಕಲಕಿದಳು. ಎಣ್ಣೆ ಶರಬತ್ತಿನಂತೆ ನೀರಿನಲ್ಲಿ ಕರಗಿ ಕಾಣದಾಯಿತು.

ಆಮೇಲೆ ಶೀಶೆಯ ಎಣ್ಣೆಯನ್ನು ಎರಡನೆಯದಕ್ಕೆ ಬಿಟ್ಟು ಕಲಕಿದಳು. ಅದು ಚೂರುಚೂರಾಗಿ ಒಡೆಯಿತು. ಕಡ್ಡಿ ತೆಗೆದ ಮೇಲೆ ಒಂದೊಂದಾಗಿ ಕೂಡಿಕೊಂಡು, ಹೊಳೆಯುವ ಪೊರೆಯಾಗಿ ಮೇಲೆ ತೇಲಿ ನಿಂತಿತು.

“ಇದು ಎಂಜಿನ್ ಎಣ್ಣೆ,” ಎಂದ ಕಾಟಲಿಂಗಪ್ಪ. ಅವನ ದನಿ ಇಳಿದಿತ್ತು. “ಬ್ರೇಕಿನ ರಬ್ಬರಿಗೆ ವಿಷ ಇದು. ಅಕ್ಕಾರೆ, ಮೂವತ್ತು ವರ್ಷ ಈ ಕೆಲಸ ಮಾಡೀನಿ. ಇದು ನನ್ನ ಕೈಯಿಂದ ಆಗಿದ್ದಲ್ಲ.”

“ಗೊತ್ತು. ನಿನ್ನ ಬಟ್ಟಲು ಹೊಸಾದೇ ಇತ್ತು, ಕೂರ್ಸಿದ್ದೂ ಸರಿಯಾಗೇ ಇತ್ತು. ತಿರುಪು ಕೆತ್ತಿದೋನು ನೀನಲ್ಲ.”

ಅವನು ಟೈರಿನ ಮೇಲೆ ಕುಳಿತು ಉಸಿರು ಬಿಟ್ಟ.

ತಿಮ್ಮರಾಯಪ್ಪ ಬಿಲ್ಲನ್ನು ಮುಂದೆ ಹಿಡಿದ. “ಆ ಜೀಪಿನ ಕತೆ ಏನು?”

“ಕತೆ ದೊಡ್ಡದೈತೆ ಸ್ವಾಮಿ. ಎರಡು ವರ್ಷದ ಕೆಳಗೆ ಏಳು ಸಾವಿರಕ್ಕೆ ಹಳೇ ಗಾಡಿ ತಂದ್ರು. ಮೇಲೆ ಹೊಸ ಬಣ್ಣ, ಒಳಗೆಲ್ಲ ಸವಕಲು. ರೇಡಿಯೇಟರ್ ಕುದೀತಿತ್ತು, ಬೆಸೆದೆ. ಸ್ಟೇರಿಂಗ್ ಕಾಲು ಸುತ್ತು ಸುಮ್ನೆ ತಿರುಗ್ತಿತ್ತು, ಕಿಂಗ್‌ಪಿನ್ ಬುಷ್ ಹಾಕ್ದೆ. ಎಂಜಿನ್ ಪೆಟ್ರೋಲಿಗಿಂತ ಎಣ್ಣೆ ಜಾಸ್ತಿ ಕುಡೀತಿತ್ತು, ದಾವಣಗೆರೆಗೆ ಕಳ್ಸಿ ಬೋರ್ ಮಾಡ್ಸಿ ಹೊಸ ರಿಂಗ್ ಹಾಕ್ದೆ, ಅದಕ್ಕೇ ಒಂಬೈನೂರು. ಕೊಂಡಿದ್ದರ ಅರ್ಧದಷ್ಟು ರಿಪೇರಿಗೇ ಹೋಗೈತೆ. ಗೇರ್‌ಬಾಕ್ಸ್ ಒಂದು ಉಳಿದಿತ್ತು. ಆರ್ನೂರು ಆಗ್ತೈತೆ ಅಂದೆ. ಬ್ರೇಕ್ ಮಾತ್ರ ಮಾಡು, ಮಿಕ್ಕಿದ್ದು ಮುಂದಿನ ತಿಂಗ್ಳು ಅಂದ್ರು. ಚಿತ್ರಲಿಂಗ ಇಲ್ಲೇ ನಿಂತು ಬೇಡ್ಕಂಡ.”

“ಏನಂತ?”

“ಇಳಿಜಾರಿನಾಗೆ ಗೇರು ಹಾರಿದ್ರೆ ಈ ಗಾಡಿ ನಿಮ್ಮನ್ನ ಕೊಲ್ತೈತೆ ಸಾವ್ಕಾರ್ರೆ, ಅಂತ. ಗೋಡೌನಿನಾಗೂ ಅದೇ ಹೇಳ್ದ. ಬಿಲ್ಲಿನ ಕೊನೇ ಸಾಲು ಓದ್ರಿ.”

ತಿಮ್ಮರಾಯಪ್ಪ ಓದಿದ. ಮೊತ್ತದ ಕೆಳಗೆ, ಪೆನ್ಸಿಲಿನಲ್ಲಿ ಬರೆದಿತ್ತು: ‘ಗೇರ್‌ಬಾಕ್ಸ್ ಬಿಚ್ಚಬೇಕೆಂದು ಡ್ರೈವರ್ ಹೇಳಿದ. ಸಾಹುಕಾರರು ಬೇಡವೆಂದರು.’

ಮೂರು ದಿನದಿಂದ ಆ ಹಾಳೆ ಅವನ ಬೀರುವಿನಲ್ಲೇ ಇತ್ತು. ಮೊತ್ತ ನೋಡಿ ಮಡಿಸಿಟ್ಟಿದ್ದ. ಅವನು ಬಿಲ್ಲನ್ನು ಮತ್ತೊಮ್ಮೆ ಓದಿ, ಜೋಪಾನವಾಗಿ ಜೇಬಿಗೆ ಇಟ್ಟುಕೊಂಡ.

“ಶನಿವಾರ ರಿಪೇರಿ ಆದ ಮೇಲೆ ಜೀಪು ಎಲ್ಲಿತ್ತು?” ಕೇಳಿದಳು ಏಕಾಂತಮ್ಮ.

“ಗೋಡೌನಿನಾಗೆ. ನಾನೇ ಬಿಟ್ಟು ಬಂದೆ. ಚಿತ್ರಲಿಂಗ ಊರಿಗೆ ಹೋಗಿದ್ದ. ಮಂಗಳವಾರ ಬೆಳಿಗ್ಗೆವರ್ಗೂ ಅಲ್ಲೇ ಇತ್ತು. ಗೋಡೌನಿನ ಬೀಗದ ಕೈ ಚಿಕ್ಕತಿಮ್ಮಪ್ಪನೋರ ಹತ್ರ ಇರ್ತೈತೆ.”

ಚಿಕ್ಕತಿಮ್ಮಪ್ಪ ಎಂದರೆ ಸತ್ತವನ ತಮ್ಮ.

ಹೇಳಿಕಳಿಸಿದ ಕಾಲು ಗಂಟೆಯಲ್ಲಿ ಅವನು ಬಂದ. ನಲವತ್ತರ ಆಸುಪಾಸು, ಬಿಳಿ ಪಂಚೆ, ಮೂರು ದಿನದ ಗಡ್ಡ. ಬಂದವನೇ ತಿಮ್ಮರಾಯಪ್ಪನ ಎದುರು ನಿಂತ.

“ಆ ಡ್ರೈವರಿಗೆ ನೇಣು ಆಗೋಗಂಟ ನನಗೆ ಊಟ ಸೇರಲ್ಲ ಸ್ವಾಮಿ. ತಂದೆ ಸಮಾನ ಇದ್ದ ನಮ್ಮಣ್ಣ.”

“ಕುಂತ್ಕಳ್ರಿ,” ಎಂದಳು ಏಕಾಂತಮ್ಮ. “ಒಂದೆರಡು ಮಾತು ಕೇಳಿ ಬಿಡ್ತೀವಿ. ನಿಮಗೆ ಗಾಡಿ ಕೆಲಸ ಗೊತ್ತಾ?”

“ನನಗಾ? ಸೈಕಲ್ ಚೈನ್ ಹಾಕೋಕೂ ಬರಲ್ಲ. ಆ ಜೀಪಿನ ಒಳಗೆ ಏನೈತೆ ಅಂತ ಇವತ್ತಿನವರ್ಗೂ ಕಣ್ಣು ಹಾಯಿಸಿದೋನಲ್ಲ. ಎಲ್ಲ ಅಣ್ಣನೇ ನೋಡ್ಕಂತಿದ್ದ.”

“ಬರ್ಕಳ್ರಿ ಸಾಹೇಬ್ರೆ.”

ತಿಮ್ಮರಾಯಪ್ಪ ಬರೆದುಕೊಂಡ. ಓದಿ ಹೇಳಿದ. ಚಿಕ್ಕತಿಮ್ಮಪ್ಪ ಸಹಿ ಹಾಕಿದ.

ಏಕಾಂತಮ್ಮ ಎರಡು ಲೋಟಗಳನ್ನೂ ಅವನ ಮುಂದೆ ತಂದಿಟ್ಟಳು. ಒಂದರಲ್ಲಿ ತಿಳಿನೀರು. ಇನ್ನೊಂದರ ಮೇಲೆ ಎಣ್ಣೆಯ ಪೊರೆ.

“ಇದು ಕಾಟಲಿಂಗಪ್ಪ ಹಾಕಿದ ಎಣ್ಣೆ. ಅದು ನಿಮ್ಮಣ್ಣ ಸತ್ತಾಗ ಜೀಪಿನಾಗೆ ಇದ್ದ ಎಣ್ಣೆ. ಮಧ್ಯದಾಗೆ ಯಾರೋ ಬದಲಾಯಿಸವ್ರೆ.”

“ಡ್ರೈವರೇ ಇರ್ಬೇಕು.”

“ಅವನು ಊರಿಗೆ ಹೋಗಿದ್ದ. ಬೀಗದ ಕೈ ನಿಮ್ಮ ಸೊಂಟದಾಗಿತ್ತು.”

ಚಿಕ್ಕತಿಮ್ಮಪ್ಪ ಟವಲಿನಿಂದ ಕತ್ತು ಒರೆಸಿಕೊಂಡ. ಏಕಾಂತಮ್ಮ ದನಿ ಏರಿಸಲಿಲ್ಲ. ಅಂಗಡಿಯಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡುವಂತೆ ಒಂದೊಂದೇ ಮಾತು ಇಟ್ಟಳು.

“ಭಾನುವಾರ ಗೋಡೌನಿನಾಗೆ ಹಮಾಲರು ಇರ್ಲಿಲ್ಲ. ನೀವೊಬ್ಬರೇ ಹೋದ್ರಿ. ಜೀಪಿನ ಬಾನೆಟ್ ಎತ್ತಿದ್ರಿ. ಬಾನೆಟ್ ಒಳಗಿಂದ ಬ್ರೇಕಿಗೆ ಎಂಜಿನ್ ಎಣ್ಣೆ ಹುಯ್ದ್ರಿ. ಬಾನೆಟ್ ಎತ್ತಿ ನಿಂತಿದ್ದನ್ನ ನೋಡಿದೋರು ಅವ್ರೆ ಅಂದ್ರೆ ಏನು ಹೇಳ್ತೀರಿ?”

ಚಿಕ್ಕತಿಮ್ಮಪ್ಪನ ಮುಖದ ಬಿಗಿ ಸಡಿಲವಾಯಿತು. ಅವನು ನಕ್ಕೇಬಿಟ್ಟ.

“ಯಾರ್ರಿ ಅವರು ನೋಡಿದೋರು, ಕರೀರಿ. ಬಾನೆಟ್ಟು ನಾನು ಮುಟ್ಟೇ ಇಲ್ಲ, ಪ್ರಮಾಣ ಮಾಡ್ತೀನಿ. ಬಾನೆಟ್ ಎತ್ತಿ ಬ್ರೇಕಿಗೆ ಎಣ್ಣೆ ಹುಯ್ತಾರೇನ್ರಿ? ಅದು ಡ್ರೈವರ್ ಕಾಲಡ್ಯಾಗೆ, ರಬ್ಬರ್ ಎತ್ತಿ, ತಗಡು ಬಿಚ್ಚಿ ಹುಯ್ಯೋದು. ಅಂಗಡಿ ಇಟ್ಕಂಡು ಕುಂತೀರಿ, ಇಷ್ಟೂ ಗೊತ್ತಿಲ್ಲ…”

ಮಾತು ಅಲ್ಲಿಗೆ ನಿಂತಿತು.

ಹೆದ್ದಾರಿಯಲ್ಲಿ ಒಂದು ಲಾರಿ ಹಾದುಹೋಯಿತು. ತಗಡು ನಡುಗಿ ಸುಮ್ಮನಾಯಿತು. ಕಾಟಲಿಂಗಪ್ಪ ಟೈರಿನ ಮೇಲಿಂದ ನಿಧಾನವಾಗಿ ಎದ್ದ.

“ಸಾಹೇಬ್ರೆ,” ಎಂದಳು ಏಕಾಂತಮ್ಮ, “ಅವರು ಸಹಿ ಹಾಕಿದ್ದನ್ನ ಇನ್ನೊಂದ್ಸಲ ಓದಿ.”

ತಿಮ್ಮರಾಯಪ್ಪ ಓದಿದ. ‘ಆ ಜೀಪಿನ ಒಳಗೆ ಏನಿದೆ ಎಂದು ಇಂದಿನವರೆಗೆ ಕಣ್ಣು ಹಾಯಿಸಿದವನಲ್ಲ.’

ಚಿಕ್ಕತಿಮ್ಮಪ್ಪ ಎದ್ದು ಹೆದ್ದಾರಿಯ ಕಡೆ ಎರಡು ಹೆಜ್ಜೆ ಹಾಕಿದ. ಮೂರನೆಯ ಹೆಜ್ಜೆ ಇಡುವಷ್ಟರಲ್ಲಿ ಕಾಟಲಿಂಗಪ್ಪ ಅಡ್ಡ ನಿಂತಿದ್ದ. ಅವನ ಕೈಯಲ್ಲಿ ಏನೂ ಇರಲಿಲ್ಲ. ನಿಂತಿದ್ದೇ ಸಾಕಾಯಿತು.

ಗೋಡೌನಿನಲ್ಲಿ ಉಳಿದದ್ದು ಸಿಕ್ಕಿತು. ಬ್ರೇಕ್ ಎಣ್ಣೆ ಬಿದ್ದ ಕಡೆ ಬಣ್ಣ ಗುಳ್ಳೆ ಎದ್ದು ಕಿತ್ತುಬರುತ್ತದೆ, ಅದು ಏಕಾಂತಮ್ಮನಿಗೆ ಗೊತ್ತಿತ್ತು. ಹೊಸ ಎಣ್ಣೆ ಹಾಕಬೇಕಾದರೆ ಹಳೆಯದನ್ನು ತೆಗೆದು ಎಲ್ಲಾದರೂ ಇಟ್ಟಿರಲೇಬೇಕು. ಅವಳು ನೇರವಾಗಿ ಕಿಟಕಿಯ ಪಕ್ಕದ ನೀಲಿ ಮೇಜಿನ ಬಳಿ ಹೋದಳು. ಹೊಸದಾಗಿ ಬಳಿದ ಬಣ್ಣದಲ್ಲಿ ಅಂಗೈಯಗಲದ ಒಂದು ದುಂಡು ಗುರುತು, ಒಳಗಿನ ಮರ ಕಾಣುವಷ್ಟು ಕಿತ್ತಿತ್ತು. ಗೂಟಕ್ಕೆ ತೂಗುಹಾಕಿದ್ದ ಪಿಂಗಾಣಿ ಮಗ್ಗನ್ನು ತಂದು ಅದರ ಮೇಲಿಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಹಿತ್ತಲಿನ ನೀರೆತ್ತುವ ಆಯಿಲ್ ಎಂಜಿನ್ನಿನ ಪಕ್ಕ ಎಣ್ಣೆಯ ಡಬ್ಬಿಯಿತ್ತು. ಕೊಬ್ಬರಿ ಸೀಳುವ ಚಾಕುಗಳ ಸಾಲಿನಲ್ಲಿ ಒಂದರ ತುದಿ ತಿರುಚಿತ್ತು.

ತಿಮ್ಮರಾಯಪ್ಪ ಒಂದೊಂದನ್ನೂ ಬಟ್ಟೆಯಲ್ಲಿ ಕಟ್ಟಿಸಿ ಮೊಹರು ಹಾಕಿಸಿದ. ಬೆಳಿಗ್ಗೆ ಸ್ಪ್ಯಾನರ್ ಕೊಡಲು ನಾಚಿದ್ದವನು ಈಗ ಅವಳು ಕೇಳುವ ಮುಂಚೆಯೇ ದೀಪ ಹಿಡಿದು ನಿಲ್ಲುತ್ತಿದ್ದ.

ಚಿಕ್ಕತಿಮ್ಮಪ್ಪನನ್ನು ಹಿಡಿದುಕೊಂಡು ಹೊಳಲ್ಕೆರೆ ತಲುಪಿದಾಗ ನಾಲ್ಕೂಕಾಲು. ಹಿರಿಯೂರಿನ ಸುದ್ದಿ ಬಸ್ಸಿನಲ್ಲಿ ಇವರಿಗಿಂತ ಮುಂಚೆ ಬಂದಿತ್ತು. ಠಾಣೆಯ ಮುಂದೆ ಜನ ಸೇರಿದ್ದರು.

ಕೋರ್ಟಿನಲ್ಲಿ ತಿಮ್ಮರಾಯಪ್ಪ ತಾನೇ ಎದ್ದುನಿಂತು, ಬರೆದ ವರದಿಯನ್ನು ಹಿಂದೆಗೆದುಕೊಳ್ಳುವುದಾಗಿ ಹೇಳಿದ. ತಂತಿ, ಬಟ್ಟಲು, ಬಿಲ್ಲಿನ ಕೊನೆಯ ಸಾಲು, ಸಹಿ ಹಾಕಿದ ಹೇಳಿಕೆ, ಎಲ್ಲವನ್ನೂ ಸಾಲಾಗಿ ಮುಂದಿಟ್ಟ. ಮ್ಯಾಜಿಸ್ಟ್ರೇಟರು ಚಿತ್ರಲಿಂಗಪ್ಪನನ್ನು ಹತ್ತಿರ ಕರೆದು ಅಂಗೈ ನೋಡಿದರು. ಬಿಡುಗಡೆಯ ಆಜ್ಞೆ ಬರೆಯಲು ಅವರಿಗೆ ಹತ್ತು ನಿಮಿಷ ಸಾಕಾಯಿತು.

ಹೊರಗಿನ ಮೆಟ್ಟಿಲ ಮೇಲೆ ಉಚ್ಚಂಗಮ್ಮ ಗಂಡನ ಕಟ್ಟು ಹಾಕಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಅಳಲಿಲ್ಲ. ಸೇರಿದ್ದ ಜನರ ಕಡೆ ತಲೆಯೆತ್ತಿ ನೋಡಿದಳು. ಮೂರು ದಿನ ಬಸ್ಸಿನಲ್ಲಿ ಅವಳ ಪಕ್ಕ ಕೂರಲು ಹಿಂಜರಿದಿದ್ದವರು ಈಗ ದಾರಿ ಬಿಟ್ಟರು.

ತಿಮ್ಮರಾಯಪ್ಪ ಅವಳ ಮುಂದೆ ಬಂದ. “ತಾಯಿ, ನಾನು ತಪ್ಪು ಬರ್ದಿದ್ದೆ. ಮೊದ್ಲೇ ಅವನ ಕೈ ನೋಡ್ಬೇಕಿತ್ತು.”

“ಈಗ ನೋಡಿದ್ರಲ್ಲ ಸ್ವಾಮಿ,” ಎಂದಳು ಉಚ್ಚಂಗಮ್ಮ.

ಪೊಲೀಸ್ ಜೀಪಿನ ಹಿಂದೆ ನೇತಾಡಿಕೊಂಡೇ ಬಂದಿದ್ದ ಕಾಟಲಿಂಗಪ್ಪ ಚಿತ್ರಲಿಂಗಪ್ಪನ ಹೆಗಲ ಮೇಲೆ ಕೈ ಹಾಕಿದ. “ಏನಪ್ಪ, ಕೈ ವಾಸಿ ಆದ ಮೇಲೆ ನನ್ನ ಗ್ಯಾರೇಜಿಗೆ ಬಂದುಬಿಡು. ಗಾಡಿಗೆ ಏನಾಗೈತೆ ಅಂತ ಸರಿಯಾಗಿ ಹೇಳೋ ಡ್ರೈವರು ಜಿಲ್ಲೇಲಿ ಮೂರು ಜನ ಇಲ್ಲ.”

ಚಿತ್ರಲಿಂಗಪ್ಪ ಏಕಾಂತಮ್ಮನ ಕಾಲು ಮುಟ್ಟಲು ಬಗ್ಗಿದ. ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು.

“ನಾನು ಮಾಡಿದ್ದು ಏನೂ ಇಲ್ಲಪ್ಪ. ನೀನು ಕೊನೇಗಂಟ ಬ್ರೇಕ್ ಎಳೆದೆ ನೋಡು, ಅದೇ ನಿನ್ನನ್ನ ಉಳಿಸ್ತು. ಮನೆಗೆ ಹೋಗ್ರಿ, ಬಿಸಿ ಊಟ ಮಾಡ್ರಿ.”

ಅವರಿಬ್ಬರೂ ಬಸ್ ನಿಲ್ದಾಣದ ಕಡೆ ನಡೆದು ಮರೆಯಾಗುವವರೆಗೂ ಅವಳು ನೋಡುತ್ತ ನಿಂತಳು. ಹನ್ನೊಂದು ವರ್ಷದಲ್ಲಿ ಎಷ್ಟೋ ಗಾಡಿಗಳು ಅವಳ ಮಾತಿನಿಂದ ಮತ್ತೆ ರಸ್ತೆಗೆ ಇಳಿದಿದ್ದವು. ಮನುಷ್ಯನೊಬ್ಬ ಇಳಿದದ್ದು ಇದೇ ಮೊದಲು. ಎದೆ ತುಂಬಿ ಬಂತು.

ಠಾಣೆಗೆ ಮರಳಿದಾಗ ಚಿಕ್ಕತಿಮ್ಮಪ್ಪ ಮೇಜಿನ ಎದುರಿನ ಸ್ಟೂಲಿನ ಮೇಲೆ ಕುಳಿತಿದ್ದ. ಗ್ಯಾರೇಜಿನಲ್ಲಿದ್ದ ಬಿಗುಮಾನ ಉಳಿದಿರಲಿಲ್ಲ.

“ಕೊಲ್ಬೇಕು ಅಂತ ಮಾಡ್ಲಿಲ್ಲ,” ಎಂದ. “ಹೋದ ವರ್ಷ ನಮ್ಮ ಲಾರಿಗೆ ಕ್ಲೀನರು ತಪ್ಪು ಎಣ್ಣೆ ಹಾಕಿ ಬ್ರೇಕ್ ಹಿಡ್ಕಂಡು ನಿಂತಿತ್ತು. ಅದನ್ನ ನೋಡಿದ್ದೆ. ಇದೂ ದಾರ್ಯಾಗೆ ಎಲ್ಲಾದ್ರೂ ನಿಂತ್ಬಿಡ್ತೈತೆ ಅನ್ಕಂಡೆ. ಮಂಗಳವಾರ ಅಣ್ಣ ಹೊಳಲ್ಕೆರೆಗೆ ಬರಬಾರ್ದಿತ್ತು. ಅಷ್ಟೇ ನನಗೆ ಬೇಕಿದ್ದಿದ್ದು.”

“ಹೊಳಲ್ಕೆರೆಗೆ ಯಾಕೆ ಬರ್ತಿದ್ದ?” ಕೇಳಿದ ತಿಮ್ಮರಾಯಪ್ಪ.

“ಈ ಠಾಣೆಗೇ ಬರ್ತಿದ್ದ ಸ್ವಾಮಿ. ನಿಮಗೇ ಒಂದು ವಿಷಯ ಹೇಳ್ತೀನಿ ಅಂತ ಹಟ ಹಿಡಿದಿದ್ದ.”

“ಏನು ವಿಷಯ?”

ಚಿಕ್ಕತಿಮ್ಮಪ್ಪ ತುಟಿ ಬಿಗಿದ. ಏಕಾಂತಮ್ಮ ತನ್ನ ಚೀಲ ಕಟ್ಟುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು.

ಆಗ ಪೇದೆಯೊಬ್ಬ ಒಳಗೆ ಬಂದು ಸಲಾಮು ಹೊಡೆದ. “ಸಾರ್, ಹೊರಗೆ ಒಬ್ಬ ಬಂದವ್ನೆ. ಅಂಗಳದಾಗೆ ನಿಂತಿರೋ ಜೀಪು ತನ್ನದಂತೆ. ಎರಡು ವರ್ಷದಿಂದ ಹುಡುಕ್ತಿದ್ನಂತೆ. ಕಾಗದ ಪತ್ರ ಎಲ್ಲ ಇಟ್ಕಂಡವ್ನೆ.”

“ಹೆಸರೇನು?”

“ಬೀರಪ್ಪ ಅಂತೆ ಸಾರ್. ಕುರಿ ವ್ಯಾಪಾರದೋನು.”

ಸ್ಟೂಲು ಮಗುಚಿ ಬಿತ್ತು. ಚಿಕ್ಕತಿಮ್ಮಪ್ಪ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

“ಆಗಲ್ಲ,” ಎಂದ. ಯಾರ ಜೊತೆಗೆ ಮಾತಾಡುತ್ತಿದ್ದೇನೆ ಎಂಬ ಎಚ್ಚರ ಅವನಿಗಿರಲಿಲ್ಲ. “ಬೀರಪ್ಪ ಬರೋಕಾಗಲ್ಲ. ಅವನ್ನ ಮಾರಿಕಣಿವೆ ಹಿಂದಿನ ಕಾಡಿನಾಗೆ ಮಣ್ಣು ಮಾಡಿದ್ದು ನಾನೂ ಅಣ್ಣನೂ. ಅದನ್ನೇ ಹೇಳೋಕೆ ಅಣ್ಣ ಇಲ್ಲಿಗೆ ಹೊರಟಿದ್ದ.”

ತಿಮ್ಮರಾಯಪ್ಪ ಆ ಮಾತನ್ನು ಬರೆದುಕೊಳ್ಳಲು ಪೆನ್ನೆತ್ತಿದ.

ಜಗುಲಿಯ ಮೇಲೆ ಕೆರದ ಸದ್ದು ಕೇಳಿಸಿತು. ಬಾಗಿಲಿಗೆ ಅಡ್ಡವಾಗಿ, ಹೆಗಲ ಮೇಲೆ ಕರಿಕಂಬಳಿ ಹೊದ್ದ ಎತ್ತರದ ಆಳೊಬ್ಬ ಬಂದು ನಿಂತ. ಒಳಗಿದ್ದವರನ್ನೆಲ್ಲ ಒಮ್ಮೆ ನೋಡಿ, ಗೋಡೆಗೆ ಅಂಟಿಕೊಂಡವನ ಮೇಲೆ ಕಣ್ಣು ನಿಲ್ಲಿಸಿದ.

“ಯಾಕೋ ಚಿಕ್ಕತಿಮ್ಮ,” ಎಂದ, “ಗುರ್ತು ಸಿಗ್ಲಿಲ್ಲವಾ?”